ಇನ್ನೂರ ಹದಿನೇಳನೇ ಬಿಲ್ಲೆ

"ಮಾವ, ಇವತ್ತು ಬಾಟ್ಲಿ ಗೀಟ್ಲಿ ಬೇಡ. ನೇರ ಲ್ಯಾಂಪ್ ರೂಮಿನ ಕಸಕ್ಕೇ ಕೈ ಹಾಕೋದು," ಎಂದು ಸೊಸೆ ಸೈಕಲ್ಲಿಗೆ ಸನಿಕೆ ಕಟ್ಟುತ್ತಾ ಹೇಳಿದಾಗ, ಒಂದು ಕಾಲಕ್ಕೆ ಚಿನ್ನದ ಗಣಿಯಲ್ಲಿ ದೀಪದ ಮೇಸ್ತ್ರಿಯಾಗಿದ್ದ ಮಾವ ತಲೆಯೆತ್ತಿದ. ಕೈಯಲ್ಲಿದ್ದ ಚಹಾದ ಲೋಟವನ್ನು ಅವನು ಮೆಲ್ಲಗೆ ಮೆಟ್ಟಿಲ ಮೇಲಿಟ್ಟ. ಇಡದಿದ್ದರೆ ಅದೇ ಬೀಳುತ್ತಿತ್ತು.

"ಅಲ್ಲೇನಿದೆ ಮಣ್ಣಾಂಗಟ್ಟಿ. ಒಡೆದ ಗಾಜು, ಸತ್ತ ಬ್ಯಾಟರಿ. ಕೈ ಕುಯ್ಕೊಂಡು ಬರ್ತೀಯ ಅಷ್ಟೆ."

"ನಾಳೆ ಜೆಸಿಬಿ ಬರ್ತಾವಲ್ಲ ಮಾವ. ಆಮೇಲೆ ಕೈ ಕುಯ್ಕೊಳ್ಳೋಕೂ ಗುಡ್ಡ ಇರಲ್ಲ."

ಅದು ನಿಜ. ಚಿನ್ನದ ಗಣಿ ಮುಚ್ಚಿ ಹದಿನೈದು ವರ್ಷವಾಗಿತ್ತು. ಕಲ್ಲು ಅರೆದು ಚಿನ್ನ ಬಸಿದುಕೊಂಡ ಮೇಲೆ ಉಳಿದ ಹಿಟ್ಟಿನಂಥ ಮರಳನ್ನು ಕಂಪನಿ ತಲೆಮಾರುಗಟ್ಟಲೆ ಒಂದೇ ಕಡೆ ಸುರಿದು ಸುರಿದು ಗುಡ್ಡ ಮಾಡಿಟ್ಟಿತ್ತು. ಈಗ ಯಾವನೋ ಕಂಟ್ರಾಕ್ಟರಿಗೆ ಆ ಮರಳಲ್ಲೂ ಚೂರುಪಾರು ಚಿನ್ನ ಇದೆ ಎಂದು ಗೊತ್ತಾಗಿ, ಅವನು ಗುಡ್ಡವನ್ನೇ ಮತ್ತೆ ಅರೆಯಲು ಹೊರಟಿದ್ದ. ಆದರೆ ಸೊಸೆಗೆ ಬೇಕಿದ್ದದ್ದು ಚಿನ್ನವಲ್ಲ. ಗುಡ್ಡ ಬೆಳೆಯುತ್ತಾ ಹೋದ ಅಂಚಿನಲ್ಲಿ, ಮರಳು ಬೀಳುವ ಮೊದಲು, ಕಂಪನಿಯ ಕಸ ಬೀಳುತ್ತಿತ್ತು. ಬಂಗಲೆಗಳ ಔಷಧಿ ಶೀಶೆ, ಆಸ್ಪತ್ರೆಯ ಪಿಂಗಾಣಿ, ಬೆಲ್ಟಿನ ಕೊಕ್ಕೆ, ತೂಕದ ಬಟ್ಟು, ಇಂಥದ್ದೆಲ್ಲ ಬೂದಿಯ ಜೊತೆ ಅಡಿಯಲ್ಲಿ ಹೂತುಹೋಗಿತ್ತು. ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದ ಸೊಸೆ ಆರು ವರ್ಷದಿಂದ ಪ್ರತಿ ಭಾನುವಾರ ಗುಡ್ಡದ ಬುಡ ಬಗೆದು ಅವನ್ನು ತರುತ್ತಿದ್ದಳು. ತೊಳೆದು, ಚೀಟಿ ಅಂಟಿಸಿ, ಬೇಕಾದವರಿಗೆ ಮಾರುತ್ತಿದ್ದಳು. ಮಾರದೆ ಇಟ್ಟುಕೊಳ್ಳುತ್ತಿದ್ದದ್ದು ಹಿತ್ತಾಳೆಯ ಬಿಲ್ಲೆಗಳನ್ನು ಮಾತ್ರ.

ಬಿಲ್ಲೆ ಎಂದರೆ ಗಣಿಯಾಳಿನ ಎರಡನೇ ಹೆಸರು. ಒಬ್ಬೊಬ್ಬನಿಗೆ ಒಂದು ನಂಬರು. ಪಾಳಿ ಶುರುವಾಗುವಾಗ ಆಳು ಲ್ಯಾಂಪ್ ರೂಮಿಗೆ ಬಂದು ತನ್ನ ಬಿಲ್ಲೆಯನ್ನು ದೀಪದ ಮೇಸ್ತ್ರಿಗೆ ಕೊಟ್ಟು ಅದೇ ನಂಬರಿನ ತಲೆದೀಪ ಪಡೆಯಬೇಕು. ಮೇಸ್ತ್ರಿ ಬಿಲ್ಲೆಯನ್ನು ಹಲಗೆಯ ಮೊಳೆಗೆ ತೂಗುಹಾಕಿ, ರಿಜಿಸ್ಟರಿನಲ್ಲಿ ಬರೆಯಬೇಕು. ಆಳು ಮೇಲೆ ಬಂದಾಗ ದೀಪ ವಾಪಸು, ಬಿಲ್ಲೆ ವಾಪಸು. ಹಲಗೆಯಲ್ಲಿ ಬಿಲ್ಲೆ ತೂಗುತ್ತಿದೆ ಎಂದರೆ ಮನುಷ್ಯ ಕೆಳಗಿದ್ದಾನೆ ಎಂದೇ ಅರ್ಥ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೂ ಅರ್ಥವಾಗುವ ಲೆಕ್ಕ.

ಸೊಸೆ ಹುಡುಕುತ್ತಿದ್ದದ್ದು ಇನ್ನೂರ ಹದಿನೇಳನ್ನು, ಅಂದರೆ ಅವಳ ಅಪ್ಪನ ಬಿಲ್ಲೆಯನ್ನು. ಮೂವತ್ತನಾಲ್ಕು ವರ್ಷದ ಹಿಂದೆ, ಅವಳು ಆರು ತಿಂಗಳ ಕೂಸಾಗಿದ್ದಾಗ, ಗಣಿಯ ಒಂದು ಸುರಂಗ ಕುಸಿದು ಮೂವರು ಸತ್ತರು. ಅದೇ ದಿನ ಅವಳಪ್ಪನೂ ಕಾಣೆಯಾದ. ರಿಜಿಸ್ಟರಿನಲ್ಲಿ ಅವನ ಹೆಸರಿರಲಿಲ್ಲ, ಹಲಗೆಯಲ್ಲಿ ಬಿಲ್ಲೆಯೂ ಇರಲಿಲ್ಲ. ಹಾಗಾಗಿ ಅವನು ಕೆಳಗೆ ಇಳಿದೇ ಇಲ್ಲ ಎಂದು ಕಂಪನಿ ಷರಾ ಬರೆಯಿತು. ಉಳಿದದ್ದನ್ನು ಊರು ಬರೆಯಿತು. ಚಿನ್ನದ ಗಟ್ಟಿ ಕದ್ದು ಓಡಿದ ಅಂದರು ಕೆಲವರು, ಯಾರನ್ನೋ ಕಟ್ಟಿಕೊಂಡು ಓಡಿದ ಅಂದರು ಇನ್ನು ಕೆಲವರು. ಆಡುವವರ ಬಾಯಿಗೆ ಬೀಗ ಉಂಟೆ? ಅವನ ಹೆಂಡತಿ ಮಾತ್ರ, "ಅವರು ಬುತ್ತಿ ತಗೊಂಡು ಕೆಲಸಕ್ಕೆ ಹೋದ್ರು, ನಾನೇ ಕಟ್ಟಿಕೊಟ್ಟೆ," ಎಂದು ಅಂದಿನಿಂದ ಇಂದಿನವರೆಗೆ ಒಂದೇ ಮಾತು ಹೇಳುತ್ತಿದ್ದಳು. ಗಂಡ ಇದ್ದಾನೆ ಅನ್ನುವಂತಿಲ್ಲ, ಸತ್ತ ಅನ್ನುವಂತಿಲ್ಲ, ಹಾಗೆ ಅವಳ ಬಾಳು ಸವೆದಿತ್ತು.

"ಓಡಿಹೋಗೋನು ಬಿಲ್ಲೆ ಜೇಬಲ್ಲೇ ಒಯ್ತಾನೆ ಮಾವ," ಎಂದು ಸೊಸೆ ಎಷ್ಟೋ ಸಲ ಹೇಳಿದ್ದಳು. "ಅಪ್ಪನ ಬಿಲ್ಲೆ ಲ್ಯಾಂಪ್ ರೂಮಿನ ಕಸದಲ್ಲಿ ಸಿಕ್ತು ಅಂದ್ರೆ ಏನರ್ಥ? ಅವರು ಅದನ್ನ ಕೊಟ್ಟು ದೀಪ ತಗೊಂಡಿದ್ರು ಅಂತ. ಕೆಳಗೆ ಇಳಿದಿದ್ರು ಅಂತ. ಅಮ್ಮನಿಗೆ ಅಷ್ಟು ಸಾಕು."

ಅವಳ ತರ್ಕ ಸರಿಯಾಗಿತ್ತು. ಎಷ್ಟು ಸರಿಯಾಗಿತ್ತೆಂದು ಬಲ್ಲವನು ಭೂಮಿಯ ಮೇಲೆ ಒಬ್ಬನೇ. ಅವನು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ ಪ್ರತಿ ಭಾನುವಾರ ಅವಳ ಹಿಂದೆಯೇ ಹೋಗುತ್ತಿದ್ದ. ಊರವರು ಅದನ್ನೂ ಹೊಗಳುತ್ತಿದ್ದರು. ಓಡಿಹೋದವನ ಮಗಳನ್ನು ಎರಡು ಮಾತಾಡದೆ ಮನೆ ತುಂಬಿಸಿಕೊಂಡ, ಈಗ ಅವಳ ಹುಚ್ಚಿಗೂ ಜೊತೆ ಕೊಡುತ್ತಾನೆ, ಇದ್ದರೆ ಇಂಥ ಮಾವ ಇರಬೇಕು ಎಂದು. ಆ ಹೊಗಳಿಕೆ ಕೇಳಿದಾಗಲೆಲ್ಲ ಮೇಸ್ತ್ರಿ ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದ. ಆರು ವರ್ಷದಲ್ಲಿ ಅವನು ಅವಳನ್ನು ಗುಡ್ಡದ ಮೂರು ಮೂಲೆಗೂ ಕರೆದೊಯ್ದಿದ್ದ. ನಾಲ್ಕನೆಯದಕ್ಕೆ ಮಾತ್ರ ಏನಾದರೊಂದು ನೆಪ ಹೇಳಿ ತಪ್ಪಿಸಿದ್ದ. ಹೋದ ವಾರ ಅವನಿಗೆ ಜ್ವರ ಬಂದು ಮಲಗಿದಾಗ ಅವಳೊಬ್ಬಳೇ ಹೋಗಿ, ಅಲ್ಲಿ ತಲೆದೀಪದ ಗಾಜಿನ ಚೂರು ನೋಡಿ ಬಂದಿದ್ದಳು.

ಗುಡ್ಡದ ಬುಡಕ್ಕೆ ಬಂದಾಗ ಎಂಟಾಗಿತ್ತು. ಕಂಟ್ರಾಕ್ಟರನ ಕಡೆಯವರು ಆಗಲೇ ಕೆಂಪು ಬಾವುಟ ನೆಟ್ಟು ಹೋಗಿದ್ದರು. ಮರಳಿನ ಗೋಡೆ ಎರಡಾಳೆತ್ತರ ನೆಟ್ಟಗೆ ನಿಂತಿತ್ತು. ಅದರ ಬುಡದಲ್ಲಿ ಮೊಳದಗಲದ ಕಪ್ಪು ಪಟ್ಟಿ, ಅದೇ ಬೂದಿ ಮತ್ತು ಕಸ. ಬಗೆಯಬೇಕಾದದ್ದು ಆ ಪಟ್ಟಿಯನ್ನೇ, ಅಂದರೆ ಗೋಡೆಯ ಕಾಲನ್ನೇ ಕೊರೆಯಬೇಕು. ಮೇಲಿನ ಮರಳು ಮಳೆ ಬಿಸಿಲಿಗೆ ಗಟ್ಟಿ ಹಕ್ಕಳೆಗಟ್ಟಿ ಕಲ್ಲಿನಂತೆ ಕಾಣುತ್ತದೆ, ಆದರೆ ಒಳಗೆ ಬರೀ ಹಿಟ್ಟು. ಅದಕ್ಕೇ ಇಲ್ಲಿ ತೋಡುವವರು ಒಂದು ಕ್ರಮ ಇಟ್ಟುಕೊಂಡಿದ್ದರು. ಗೋಡೆಯ ತಲೆಯ ಮೇಲೆ ಬಿರುಕು ಕಂಡರೆ ಅದರ ಎರಡೂ ಬದಿಗೆ ಒಂದೊಂದು ಗೂಟ ನೆಟ್ಟು, ನಡುವೆ ಕೆಂಪು ದಾರವನ್ನು ಸಡಿಲವಾಗಿ ಕಟ್ಟುವುದು. ಬಿರುಕು ಅಗಲವಾದರೆ ದಾರ ಬಿಗಿಯುತ್ತದೆ. ಒಬ್ಬರು ತೋಡಬೇಕು, ಇನ್ನೊಬ್ಬರು ಪಕ್ಕದ ಬಂಡೆಯ ಮೇಲೆ ನಿಂತು ದಾರವನ್ನೇ ನೋಡುತ್ತಿರಬೇಕು. ಕೆಳಗೆ ಏನು ಸಿಕ್ಕಿತೆಂದು ಇಣುಕುವಂತಿಲ್ಲ. ದಾರ ಬಿಗಿದರೆ ಕೂಗಬೇಕು. ಕೂಗು ಕೇಳಿದ ತಕ್ಷಣ ತೋಡುವವರು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ಬರಬೇಕು, ಅದು ಚಿನ್ನವೇ ಆಗಿರಲಿ.

ಮೇಸ್ತ್ರಿ ಬಂಡೆ ಹತ್ತಿ ನಿಂತ. ಸೊಸೆ ಮಂಡಿಯೂರಿ, ಕೈಗುದ್ದಲಿಯಿಂದ ಕಪ್ಪು ಪಟ್ಟಿಯನ್ನು ಕೆರೆಯತೊಡಗಿದಳು. ಒಂದು ಗಂಟೆಯಲ್ಲಿ ಅವಳ ತಲೆ, ಭುಜ, ನಡು ಒಳಗೆ ಹೋಗಿ, ಮೇಸ್ತ್ರಿಗೆ ಅವಳ ಕಾಲು ಮಾತ್ರ ಕಾಣುತ್ತಿತ್ತು. ತೋಳಿನುದ್ದಕ್ಕಿಂತ ಒಳಗೆ ಹೋಗಬಾರದು ಎಂಬ ಇನ್ನೊಂದು ನಿಯಮವನ್ನು ಅವಳು ಇವತ್ತು ಮುರಿದಿದ್ದಳು. ನಾಳೆ ಇಲ್ಲದ ದಿನ ಮನುಷ್ಯರು ಹೀಗೆಯೇ ಮಾಡುತ್ತಾರೆ.

"ಮಾವ," ಎಂದು ಒಳಗಿನಿಂದ ಅವಳ ದನಿ ಬಂತು. "ಒಂದು ಡಬ್ಬಿ ಇದೆ. ಸಿಗರೇಟಿನ ತಗಡು ಡಬ್ಬಿ ಇದ್ದ ಹಾಗಿದೆ. ಮೇಲೆ ವೈರು ಸುತ್ತಿದ್ದಾರೆ."

ಏಳು ಸುತ್ತು, ಎಂದು ಮೇಸ್ತ್ರಿಯ ಮನಸ್ಸು ಹೇಳಿತು. ಸುತ್ತಿದ್ದವನಿಗೆ ಗೊತ್ತಿರುವುದಿಲ್ಲವೇ?

"ಬಿಡು ಅದನ್ನ. ಯಾವನೋ ಬೀಡಿ ತುಂಡು ಇಟ್ಟಿರ್ತಾನೆ."

"ಬೀಡಿ ತುಂಡಿಗೆ ಯಾರು ಮಾವ ವೈರು ಬಿಗೀತಾರೆ? ಒಳಗೆ ಏನೋ ಕುಲುಕ್ತಿದೆ. ಬೂದಿ ಗಟ್ಟಿಯಾಗಿ ಕಚ್ಕೊಂಡಿದೆ, ತಡೀರಿ."

ದಾರ ಸಡಿಲವಾಗಿಯೇ ಇತ್ತು. ಅದು ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಆದರೂ ಅವನು ಕೂಗಿದ: "ದಾರ ಬಿಗೀತು! ಬಾ ಆಚೆ!"

ಅವಳು ಒಂದೇ ಉಸಿರಿಗೆ ಹಿಂದಕ್ಕೆ ಸರಿದು ಹೊರಗೆ ಬಂದು ಬಿದ್ದಳು, ಬರಿಗೈಯಲ್ಲಿ. ಕ್ರಮ ಎಂದರೆ ಕ್ರಮ. ಏದುಸಿರು ಬಿಡುತ್ತಾ ತಲೆಯೆತ್ತಿ ನೋಡಿದಳು. ಕೆಂಪು ದಾರ ಗೂಟಗಳ ನಡುವೆ ಜೋತುಬಿದ್ದು ಗಾಳಿಗೆ ಆರಾಮಾಗಿ ತೂಗುತ್ತಿತ್ತು.

"ಎಲ್ಲಿ ಬಿಗೀತು ಮಾವ?"

"ಬಿಗಿದಂಗೆ ಕಾಣ್ತು ಕಣಮ್ಮ. ಕಣ್ಣು ಮಂಜು."

"ಕನ್ನಡಕ ಒರೆಸ್ಕೊಳ್ಳಿ," ಎಂದಳು. ಸಿಟ್ಟಿನಿಂದೇನೂ ಅಲ್ಲ. ಮತ್ತೆ ಒಳಗೆ ನುಗ್ಗಿದಳು.

ಈ ಕಸುಬಿನಲ್ಲಿ ಕಾವಲಿನವನು ಮಾಡಬಾರದ ಪಾಪ ಒಂದಿದ್ದರೆ ಅದು ಸುಳ್ಳು ಕೂಗು. ಒಂದು ಸಲ ಸುಳ್ಳು ಕೂಗಿದವನ ಕೂಗಿಗೆ ಆಮೇಲೆ ಕಿವಿ ಇರುವುದಿಲ್ಲ. ಅದನ್ನು ಅವಳಿಗೆ ಕಲಿಸಿದವನೂ ಇವನೇ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಮೂವತ್ತನಾಲ್ಕು ವರ್ಷ ಬದುಕಿದವನಿಗೆ ಇವತ್ತು ಎರಡೂ ಕೈ ಮೀರುತ್ತಿದ್ದವು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ದಾರ ನೋಡಿದ.

ದಾರ ಜೋತುಬಿದ್ದಿರಲಿಲ್ಲ. ಗೆರೆ ಎಳೆದಂತೆ ನೆಟ್ಟಗಿತ್ತು.

"ಬಾ ಆಚೆ! ದಾರ ಬಿಗೀತು!"

"ಮಾವ, ಕನ್ನಡಕ."

"ಒರೆಸ್ಕೊಂಡೇ ಹೇಳ್ತಿದೀನಿ ಕಣೇ! ಬಾ!"

"ಎರಡು ನಿಮಿಷ. ವೈರು ಕೈಗೆ ಸಿಕ್ಕಿದೆ."

ಗೋಡೆಯ ಮುಖದಿಂದ ಮರಳು ಜರಡಿ ಹಿಡಿದಂತೆ ಸಣ್ಣಗೆ ಉದುರತೊಡಗಿತು. ಬಂಡೆ ಇಳಿದು ಅವಳ ಕಾಲು ಹಿಡಿದೆಳೆಯಲು ಇಪ್ಪತ್ತು ಹೆಜ್ಜೆ. ಅರವತ್ತರ ಮಂಡಿಗೆ ಅದು ಆಗದ ಮಾತು. ಅಷ್ಟರಲ್ಲಿ ಅವನ ತಲೆಯೊಳಗೆ ಒಂದು ಯೋಚನೆ ಹಾದುಹೋಯಿತು. ಅದನ್ನು ಮುಚ್ಚಿಡುವುದು ಬೇಡ, ಅವನೇ ಆಮೇಲೆ ಮುಚ್ಚಿಡಲಿಲ್ಲ: ಈಗ ಸುಮ್ಮನಿದ್ದರೆ ಸಾಕು, ಎಲ್ಲವೂ ಒಟ್ಟಿಗೆ ಹೂತುಹೋಗುತ್ತದೆ. ಒಂದು ಉಸಿರಿನಷ್ಟು ಹೊತ್ತು ಆ ಯೋಚನೆ ಅಲ್ಲಿತ್ತು. ತಾನು ಹಾಗೆ ಸುಮ್ಮನಿರಬಲ್ಲವನೆಂದು ಅವನಿಗೆ ಗೊತ್ತಿತ್ತು. ಹಿಂದೊಮ್ಮೆ ಇದ್ದಿದ್ದ.

ಗೋಡೆಯ ತಲೆಯಲ್ಲಿ ಟಪ್ ಎಂದು ದಾರ ಹರಿಯಿತು.

"ಆ ಡಬ್ಬೀಲಿರೋದು ಇನ್ನೂರ ಹದಿನೇಳು!" ಎಂದು ಮೇಸ್ತ್ರಿ ಕಿರುಚಿದ. "ನಿಮ್ಮಪ್ಪನ ಬಿಲ್ಲೆ. ಅದನ್ನ ಅಲ್ಲಿ ಹಾಕಿದ್ದು ನಾನೇ."

ಒಳಗೆ ಕೆರೆಯುವ ಸದ್ದು ನಿಂತಿತು. ಕಾಲುಗಳು ಅಲುಗಾಡಿದವು. ಸೊಸೆ ಹಿಂದಕ್ಕೆ ತೆವಳಿ ಹೊರಗೆ ಬಂದು, ಮಂಡಿಯ ಮೇಲೇ ಕೂತು ಅವನತ್ತ ತಿರುಗಿದಳು. ಮುಖ ಪೂರ್ತಿ ಬೂದಿ, ಕಣ್ಣು ಮಾತ್ರ ಬಿಳಿ.

"ಏನಂದ್ರಿ?"

"ಇತ್ತ ಬಾ. ಬಂದ್ರೆ ಹೇಳ್ತೀನಿ."

"ಅಲ್ಲಿಂದಾನೇ ಹೇಳಿ."

"ಹೇಳಲ್ಲ. ಬಂಡೆ ಹತ್ತು, ಹೇಳ್ತೀನಿ."

ಅವಳು ಎದ್ದಳು. ಅವನನ್ನು ಹೊಡೆಯಲು ಬರುವವಳಂತೆ ದಾಪುಗಾಲು ಹಾಕಿ ಬಂದಳು. ಅವಳ ಕಾಲು ಬಂಡೆಗೆ ತಾಗುವುದಕ್ಕೂ ಹಿಂದೆ ಗೋಡೆ ಕುಸಿದು ಕೂರುವುದಕ್ಕೂ ಸರಿಹೋಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಮೂಟೆ ಇಳಿಸಿದ ಹಾಗೆ ಧೊಪ್ ಎಂದಿತು, ಅಷ್ಟೆ. ಬಿಳಿ ಧೂಳು ಎದ್ದು ಇಬ್ಬರನ್ನೂ ಮುಚ್ಚಿತು. ಧೂಳು ಇಳಿದಾಗ ಅವಳು ಮಂಡಿಯೂರಿದ್ದ ಜಾಗದ ಮೇಲೆ ಎರಡಾಳೆತ್ತರದ ಮರಳಿತ್ತು. ಸೈಕಲ್ಲಿನ ಹ್ಯಾಂಡಲ್ಲು ಮಾತ್ರ ಹೊರಗೆ ಇಣುಕುತ್ತಿತ್ತು.

ಅವಳು ಅತ್ತ ನೋಡಿದ್ದು ಒಂದೇ ಕ್ಷಣ. "ಹೇಳಿ," ಎಂದಳು.

ಅವನು ಹೇಳಿದ. ಕೂತು ಹೇಳಿದ. ಅವಳಪ್ಪನನ್ನು ಎಲ್ಲರೂ ಲೇಟಣ್ಣ ಎಂದು ಕರೆಯುತ್ತಿದ್ದರು, ತನ್ನ ಮದುವೆಗೂ ತಡವಾಗಿ ಬಂದ ಪುಣ್ಯಾತ್ಮ. ಗಂಟೆ ಹೊಡೆದ ಮೇಲೆ ಯಾರಿಗೂ ದೀಪ ಕೊಡುವಂತಿಲ್ಲ, ಕೊಟ್ಟ ಮೇಸ್ತ್ರಿಯ ಕೆಲಸ ಹೋಗುತ್ತದೆ. ಆದರೂ ಲೇಟಣ್ಣ ಓಡುತ್ತಾ ಬಂದು "ತಮ್ಮಾ, ಇದೊಂದು ಸಲ" ಎಂದಾಗಲೆಲ್ಲ ಅವನು ರಿಜಿಸ್ಟರಿನಲ್ಲಿ ಬರೆಯದೆ ದೀಪ ಕೊಡುತ್ತಿದ್ದ. ಅವತ್ತೂ ಕೊಟ್ಟ. ಬಿಲ್ಲೆಯನ್ನು ಮೊಳೆಗೆ ಹಾಕಿದ. ಲೇಟಣ್ಣ ಮರದ ದಿಮ್ಮಿ ಇಳಿಸುವ ತೊಟ್ಟಿ ಹತ್ತಿ ಒಬ್ಬನೇ ಕೆಳಗಿಳಿದ. ಕಂಡವನು ಇವನೊಬ್ಬನೇ. ಅರ್ಧ ಗಂಟೆಗೆ ಭೂಮಿ ನಡುಗಿತು.

"ಮ್ಯಾನೇಜರು ರಿಜಿಸ್ಟರ್ ಹಿಡ್ಕೊಂಡು ಬಂದ. ಆ ಸುರಂಗಕ್ಕೆ ಮೂರು ಹೆಸರು ಓದಿದ. ಹಲಗೇಲಿ ಆ ಸುರಂಗದ ಸಾಲಲ್ಲಿ ನಾಲ್ಕು ಬಿಲ್ಲೆ. ಅವನು ಹಲಗೆ ಕಡೆ ತಿರುಗೋದ್ರೊಳಗೆ ನಾನು ನಾಲ್ಕನೇದನ್ನ ಕಿತ್ತು ಜೇಬಿಗೆ ಹಾಕ್ಕೊಂಡೆ. ಮೊದಲು ಕೈ ಮಾಡ್ತು, ಆಮೇಲೆ ತಲೆ ಯೋಚಿಸ್ತು. ನಿನ್ನ ಗಂಡ ಆಗ ಎರಡು ವರ್ಷದ ಮಗು. ಅವರ ದೀಪ ರಿಪೇರಿಗೆ ಹೋಗಿದೆ ಅಂತ ಬರೆದೆ. ಬಿಲ್ಲೇನ ಡಬ್ಬೀಲಿ ಹಾಕಿ ವೈರು ಬಿಗಿದು ಕಸಕ್ಕೆ ಎಸೆದೆ."

"ಎಷ್ಟು ದಿನ ತೋಡಿದ್ರು?"

"ಎಂಟು ದಿನ. ಮೂರು ಹೆಣ ಸಿಕ್ತು. ಲೆಕ್ಕ ಸರಿಹೋಯ್ತು ಅಂತ ಸುರಂಗಕ್ಕೆ ಗೋಡೆ ಕಟ್ಟಿದ್ರು."

"ಆ ಎಂಟು ದಿನದಲ್ಲಿ ಒಂದು ದಿನಾನೂ ನೀವು ಬಾಯಿ ಬಿಡಲಿಲ್ಲ."

"ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂದ್ಕೊಂಡೆ. ಹೇಳಲಿಲ್ಲ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ ಬಿದ್ದ ಮರಳನ್ನು ನೋಡುತ್ತಾ, ಶಾಲೆಯಲ್ಲಿ ಮಕ್ಕಳಿಗೆ ಪ್ರಯೋಗ ವಿವರಿಸುವ ದನಿಯಲ್ಲಿ ಹೇಳಿದಳು: "ನಾಳೆ ಜೆಸಿಬಿ ಇದನ್ನೆಲ್ಲ ಬಾಚಿ ಅರೆಯೋ ಯಂತ್ರಕ್ಕೆ ಹಾಕುತ್ತೆ. ಬಿಲ್ಲೆ ಹೋಯ್ತು. ನೀವು ಮನೆಗೆ ಹೋಗಿ, 'ನಾನು ಹಾಗೆ ಅಂದೇ ಇಲ್ಲ, ಇವಳಿಗೆ ಮರಳು ಬಿದ್ದು ತಲೆ ಕೆಟ್ಟಿದೆ' ಅಂದ್ರೆ ಎಲ್ಲರೂ ನಿಮ್ಮನ್ನೇ ನಂಬ್ತಾರೆ. ನಿಮ್ಮ ಮಗನೂ."

ಅವಳ ಮಾತು ಸತ್ಯ. ಮೂವತ್ತನಾಲ್ಕು ವರ್ಷದಲ್ಲಿ ಇಷ್ಟು ಸುರಕ್ಷಿತನಾಗಿ ಮೇಸ್ತ್ರಿ ಎಂದೂ ಇರಲಿಲ್ಲ. ಸಾಕ್ಷಿಯೆಲ್ಲ ಮಣ್ಣುಪಾಲಾಗಿತ್ತು. ಉಳಿದದ್ದು ಅವನ ನಾಲಿಗೆಯೊಂದೇ.

"ಅತ್ತಿಗೆ ಮನೇಲಿದಾರಾ?" ಎಂದು ಅವನು ಕೇಳಿದ. ಲೇಟಣ್ಣನ ಹೆಂಡತಿಯನ್ನು ಅವನು ಆಗಲೂ ಅತ್ತಿಗೆ ಎನ್ನುತ್ತಿದ್ದ, ಬೀಗಿತ್ತಿಯಾದ ಮೇಲೂ ಬಿಟ್ಟಿರಲಿಲ್ಲ.

"ಎಲ್ಲಿಗೆ ಹೋಗ್ತಾರೆ?" ಎಂದು ಅವಳು ಮುಂದೆ ನಡೆದಳು. ಸೈಕಲ್ಲನ್ನು ಇಬ್ಬರೂ ಮುಟ್ಟಲಿಲ್ಲ. ಎರಡು ಮೈಲಿ ದಾರಿಯಲ್ಲಿ ಅವಳು ಒಮ್ಮೆಯೂ ಹಿಂದೆ ತಿರುಗಲಿಲ್ಲ. ಅವನು ಕುಂಟುತ್ತಾ ಹಿಂದೆ ಬಂದ. ತನ್ನ ಮನೆಯ ತಿರುವು ಬಂದಾಗ ಅವನ ಕಾಲು ಆ ಕಡೆಗೆ ಎಳೆಯಿತು. ಅವನು ಆ ತಿರುವು ದಾಟಿದ.

ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಅಂಗಿಗೆ ಕಾಲರು ಹಾಕುತ್ತಿದ್ದಳು. ಕೋಣೆ ಪುಟ್ಟದು. ಒಂದು ಮಂಚ, ಬಟ್ಟೆಯ ಗಂಟುಗಳು, ಕಿಟಕಿಯ ಅಂಚಿನಲ್ಲಿ ಬಣ್ಣದ ನೂಲಿನ ಉಂಡೆಗಳು. ಬೂದಿ ಮೆತ್ತಿದ ಮಗಳನ್ನೂ ಮರಳು ಮೆತ್ತಿದ ಬೀಗನನ್ನೂ ನೋಡಿ ನಕ್ಕಳು. "ಏನಿದು, ಇಬ್ಬರೂ ಹಿಟ್ಟಿನ ಗಿರಣಿಗೆ ಬಿದ್ದು ಬಂದ್ರಾ?"

ಮಗಳು ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಳು. ಒಂದು ಮಾತಿನ ಸಹಾಯವನ್ನೂ ಮಾಡಲಿಲ್ಲ.

ಮೇಸ್ತ್ರಿ ನೆಲದ ಮೇಲೆ ಕೂತ. "ಅತ್ತಿಗೆ, ಅಣ್ಣ ಅವತ್ತು ಕೆಳಗಿಳಿದಿದ್ರು," ಎಂದು ಶುರು ಮಾಡಿದ. ಗಂಟೆ, ದೀಪ, ನಾಲ್ಕನೇ ಬಿಲ್ಲೆ, ಎಂಟು ದಿನ, ಗೋಡೆ, ಎಲ್ಲವನ್ನೂ ಹೇಳಿದ. ಸುಳ್ಳು ಕೂಗನ್ನೂ ಹೇಳಿದ. ಬಂಡೆಯ ಮೇಲೆ ಬಂದ ಆ ಒಂದು ಉಸಿರಿನ ಯೋಚನೆಯನ್ನೂ ಹೇಳಿದ. ಅದನ್ನು ಕೇಳಿ ಮಗಳು ಗೋಡೆ ಬಿಟ್ಟು ನೆಟ್ಟಗಾದಳು. ಹೇಳಿ ಮುಗಿಸಿ ಅವನು ತಲೆ ತಗ್ಗಿಸಿದ. ಕತ್ತರಿ ಅತ್ತಿಗೆಯ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅದನ್ನು ಅವಳು ತೆಗೆದುಕೊಂಡರೆ ತೆಗೆದುಕೊಳ್ಳಲಿ ಎಂದು ಅವನು ಕಾದ.

ಅತ್ತಿಗೆ ಕಾಲರನ್ನು ಸೂಜಿಯಡಿಯಿಂದ ಬಿಡಿಸಿ ಪಕ್ಕಕ್ಕಿಟ್ಟಳು. ಮಾತಾಡಿದಾಗ ಅವಳ ದನಿ ಹದಿನೆಂಟರ ಹುಡುಗಿಯ ದನಿಯಂತಿತ್ತು.

"ಹಾಗಾದ್ರೆ ಅವರು ನನ್ನ ಬಿಟ್ಟು ಹೋಗಲಿಲ್ಲ."

"ಇಲ್ಲ ಅತ್ತಿಗೆ."

"ಯಾರ ಜೊತೆಗೂ ಹೋಗಲಿಲ್ಲ."

"ಇಲ್ಲ."

"ನಾನು ಬುತ್ತಿ ಕಟ್ಟಿಕೊಟ್ಟಿದ್ದು ನಿಜ."

"ನಿಜ ಅತ್ತಿಗೆ. ಬುತ್ತಿ ಅವರ ಕೈಯಲ್ಲೇ ಇತ್ತು. ನಾನು ನೋಡಿದೀನಿ."

ಅವಳು ನಕ್ಕಳು. ಸಂತೋಷದ ನಗುವೇ ಅದು, ಬೇರೆಯದಲ್ಲ. ಆ ನಗು ನೋಡಿದಾಗ ಮೇಸ್ತ್ರಿಗೆ ತಾನು ಕದ್ದದ್ದು ಒಬ್ಬ ಮನುಷ್ಯನ ಹೆಣವನ್ನು ಮಾತ್ರ ಅಲ್ಲ ಎಂದು ಮೊದಲ ಬಾರಿಗೆ ಪೂರ್ತಿಯಾಗಿ ತಿಳಿಯಿತು. ಒಂದು ಮಾತಿನಿಂದ ಇವಳಿಗೆ ಇಷ್ಟು ಕೊಡಬಹುದಾಗಿತ್ತು, ಯಾವ ದಿನ ಬೇಕಾದರೂ ಕೊಡಬಹುದಾಗಿತ್ತು. ಅವನು ಅವಳ ಕಾಲು ಹಿಡಿಯಲು ಮುಂದೆ ಬಾಗಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಬೇಡ. ಆಚೆ ಹೋಗು," ಎಂದಳು. ಇಷ್ಟು ವರ್ಷ ಅವನನ್ನು ನೀವು ಎಂದೇ ಕರೆಯುತ್ತಿದ್ದವಳು. "ನಿನ್ನನ್ನ ಏನು ಮಾಡಬೇಕು ಅಂತ ನಾಳೆ ಯೋಚಿಸ್ತೀನಿ. ಇವತ್ತು ನನ್ನ ಗಂಡ ಸತ್ತಿದಾರೆ. ಇವತ್ತು ನಿನ್ನ ವಿಚಾರಕ್ಕೆ ನನಗೆ ಪುರುಸೊತ್ತಿಲ್ಲ."

ಮಗಳು ಬಂದು ಅಮ್ಮನ ಪಕ್ಕದಲ್ಲಿ ನೆಲಕ್ಕೆ ಕುಸಿದು ಕೂತಳು. ಮೇಸ್ತ್ರಿ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಒಳಗೆ ಇಬ್ಬರೂ ಅಳತೊಡಗಿದ್ದು ಬೀದಿಗೂ ಕೇಳುತ್ತಿತ್ತು. ಪಕ್ಕದ ಮನೆಯವಳು ಓಡಿಬಂದು ಯಾರಿಗೆ ಏನಾಯಿತು ಎಂದು ಅವನನ್ನೇ ಕೇಳಿದಳು. ಅವನು ಅವಳಿಗೂ ಮೊದಲಿನಿಂದ ಹೇಳಲು ಶುರು ಮಾಡಿದ.